ಸುಂಕದ ಮನೆ, ಬೇತಿ

ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ಹುಲಿಗೆವ್ವನ ಕೈಲಿ.
"ನಡುವ ಕಾಲಿಡಬ್ಯಾಡ್ರಿ, ಹಲಗಿ ಗೆದ್ದಲ ತಿಂದೈತಿ.
ಗ್ವಾಡಿ ಹಿಡಕೊಂಡ ಬರ್ರಿ."
ಪೋರ್ಚುಗೀಸರ ಮಹಡಿಯಲ್ಲಿ
ಕುಷ್ಟಗಿಯ ಮಾತೇ ದಾರಿ.

ಕಿಟಕಿಗೆ ಗಾಜಲ್ಲ, ಚಿಪ್ಪು:
ಮಾಂಡೋವಿಯ ಬೆಳಕು ಗಂಜಿಯ ತಿಳಿಯಂತೆ
ಬಸಿದು ನೆಲಕ್ಕೆ ಬರುತ್ತದೆ. ಚಿಪ್ಪು ಉದುರಿದ ಕಡೆ
ಹಳೆಯ ಚುನಾವಣೆಯ ಬ್ಯಾನರು,
ತಲೆಕೆಳಗಾಗಿ ಕೈಮುಗಿದ ಅಭ್ಯರ್ಥಿ.

ನಾನು ಬರೆದುಕೊಳ್ಳುತ್ತೇನೆ:
ಉತ್ತರದ ಗೋಡೆ, ಜಂಬಿಟ್ಟಿಗೆ, ಎರಡೂಕಾಲು ಅಡಿ ದಪ್ಪ.
ಅವಳು ಹೇಳುತ್ತಾಳೆ:
ಇದು ಮಳಿಗಾಲದಾಗ ಸೋರದ ಮೂಲಿ.
ಇದು ಹಾವು ಪೊರಿ ಬಿಟ್ಟ ಕಪಾಟು.
ಈ ತೊಲಿಗೆ ಮೂರು ಮಕ್ಕಳ ತೊಟ್ಟಿಲು.
(ಒಂದು ಉಳಿಯಲಿಲ್ಲ. ಟೇಪು ಸಡಿಲಾಯಿತು.)

ರಿಜಿಸ್ಟರಿನಲ್ಲಿ ಹಡಗುಗಳ ಹೆಸರು ಉಳಿದು
ಸರಕಿನ ಲೆಕ್ಕ ಹುಳ ತಿಂದಿದೆ.
ಲವಂಗ, ಉಪ್ಪು, ಕೊಬ್ಬರಿ ತೂಗಿದ ತಟ್ಟೆಯಲ್ಲಿ
ಕಾವು ಕೂತ ಕೋಳಿ
ನನ್ನನ್ನು ಸಾಹೇಬರ ಹಾಗೆ ನೋಡಿತು, ಏಳಲಿಲ್ಲ.
ತಕ್ಕಡಿಯ ಮುಳ್ಳು ಮಾತ್ರ ಒಂದಿಷ್ಟು ಅಲುಗಿತು.

ಸುಂಕದವನ ಮುಂದೆ ಸುಖದುಃಖ ಎನ್ನುತ್ತಾರೆ.
ಅವನು ಹಡಗು ಹತ್ತಿ ಅರವತ್ತು ವರ್ಷ.
ಹನ್ನೊಂದು ಮಳೆಗಾಲ ಇವಳು ಹೇಳಿದ್ದೆಲ್ಲ
ಖಾಲಿ ಕೌಂಟರು ಕೇಳಿಸಿಕೊಂಡಿದೆ.

ನಮೂನೆಯ ಕೊನೆಯ ಕಾಲಂ: ಈಗಿನ ಉಪಯೋಗ.
ಆಫೀಸಿನವರು ಮೊದಲೇ ಟೈಪು ಮಾಡಿದ್ದಾರೆ: ಇಲ್ಲ.
ಪೆನ್ನಿನ ಮುಚ್ಚಳ ತೆಗೆದೆ.
ಕೆಳಗೆ ಫೆರಿ ಕೂಗಿತು.
"ಮುಂದಿಂದು ಅರ್ಧ ತಾಸಿಗ್ರಿ, ಚಾ ಇಡ್ತೀನಿ" ಎಂದು
ತೊಲೆಯಿಂದ ಇನ್ನೂ ಇಳಿಬಿದ್ದ ಹಗ್ಗಕ್ಕೆ
ಟೇಪಿನ ತುದಿ ಸಿಕ್ಕಿಸಿ ಹೋದಳು.
ಈ ತುದಿ ಹಿಡಿದು ನಿಂತಿದ್ದೇನೆ,
ಗೋಡೆ ಬಿಡದೆ, ಅವಳು ಹೇಳಿದ ಹಾಗೆ.