ಒಂದಕ್ಷರ

ಗ್ರಿಮ್ಸ್‌ಬಿ, ಕಣ್ಣಿನ ವಿಭಾಗ, ಮಂಗಳವಾರ.
ಮೌರೀನ್‌ಗೆ ಐವತ್ತೆಂಟು.
ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ, ಒಳಗೆ ಗುಂಡಿಗಳು:
ಕೋಟಿನವು, ಅಂಗಿಯವು, ತೀರಿಹೋದ ಅಮ್ಮನ ಸ್ವೆಟರಿನವು.

"ಇವರಿಗೆ ಎಷ್ಟು ಕಾಣುತ್ತೆ?"
ಡಾಕ್ಟರ್ ಒಸೇಯ್ ಕೇಳಿದ್ದು ತಮ್ಮನನ್ನು.
ಕ್ಲಿಫರ್ಡ್ ಬಾಯಿ ತೆರೆದ. ನಾನೂ ತೆರೆದಿದ್ದೆ, ಸುಳ್ಳೇಕೆ.
ಅವಳು ಡಬ್ಬಿ ಅಲುಗಿಸಿದಳು, ಗಲಗಲ.
ಡಾಕ್ಟರು ಕುರ್ಚಿ ಅವಳ ಕಡೆ ತಿರುಗಿಸಿಕೊಂಡರು.

ಎರಡು ವಾರ ಚಿತ್ರ ಬರೆದೆ:
ಕಣ್ಣು, ಪೊರೆ, ಹನಿ ಔಷಧ, ಹಸಿರು ಟೋಪಿಯ ಮನುಷ್ಯ.
ಮಂಜು ಕಟ್ಟಿದ ಬಸ್ಸಿನ ಕಿಟಕಿ ಒರೆಸಿ ತೋರಿಸಿದೆ, ಹೀಗೆ.
ಮಾಡಿಸದಿದ್ದರೆ ಏನಾಗುತ್ತೆ, ಮೌರೀನ್?
"ಹಕ್ಕಿ ಹೋಗ್ತಾವೆ."
ಬಂದರಿನಲ್ಲಿ ಮೀನು ಕದಿಯುವ ಬಿಳಿ ಕಡಲಕಾಗೆಗಳು.
ನಮ್ಮ ಫಾರಮ್ಮಿನಲ್ಲಿ ಆ ಉತ್ತರ ಇರಲಿಲ್ಲ.
ಪೂರ್ತಿ ಅಂಕ ಕೊಟ್ಟೆ.

ಬಲಗಣ್ಣಿಗೆ ಹೂಂ ಅಂದಳು. ಆಯಿತು.
ಕಂಡವು ಹಕ್ಕಿಗಳು. ಜೊತೆಗೆ ನನ್ನ ಗಲ್ಲದ ಕೂದಲೂ:
"ನಿಂಗೆ ಗಡ್ಡ!" ಇಡೀ ವಾರ್ಡಿಗೆ ಕೇಳುವಂತೆ.

ಎಡಗಣ್ಣಿನ ದಿನ,
"ನೋ."

ನನ್ನ ಕಿವಿ ಇನ್ನೂ ಹಿರಿಯೂರಿನದು.
ನೋ ಅಂದರೆ ಮುಂದಿನ ಅಕ್ಷರಕ್ಕೆ ಕಾದು ಕೂರುತ್ತದೆ.
ನೋವಾ? ನೋಟವಾ? ನೋಡೋಣವಾ?
ಮಾತು ಮುಗಿದೇ ಇಲ್ಲ ಅನಿಸಿ,
ಮುಗಿಸಿಕೊಡಲು ನಾಲಿಗೆ ತುರಿಸುತ್ತದೆ.
ನಮ್ಮ ಚಿಕ್ಕಮ್ಮ ಸರಸಿಯ ಮಾತನ್ನೆಲ್ಲ
ಮನೆಯವರು ಹೀಗೇ ಮುಗಿಸಿಕೊಟ್ಟರು.
ಅವಳಿಗೇನು ತಿಳಿಯುತ್ತೆ, ಅವಳ ಒಳ್ಳೇದಕ್ಕೇ ಅಂತ
ಕೂದಲು ತೆಗೆಸಿದರು, ಹಲ್ಲು ಕೀಳಿಸಿದರು,
ಮತ್ತೊಂದು ಆಪರೇಷನ್ನು. ಅದರ ಹೆಸರನ್ನು
ಯಾರೂ ಅವಳೆದುರು ಹೇಳಲಿಲ್ಲ.

ಯಾಕೆ ಬೇಡ, ಮೌರೀನ್?
"ಇದು ನೋಡೋ ಕಣ್ಣು. ಇದು ನಿದ್ದೆಗೆ."
ಕ್ಲಿಫರ್ಡ್ ನಕ್ಕ. ಆಮೇಲೆ ಸ್ವಲ್ಪ ಅತ್ತ.
ಚಿತ್ರಗಳನ್ನು ಮತ್ತೆ ಹರಡಿದೆ,
ಮೆಟ್ಟಿಲು ತಪ್ಪಬಹುದು, ಬೀಳಬಹುದು ಅಂದೆ.
"ಗೊತ್ತು."
ಆರು ತಿಂಗಳು ಬಿಟ್ಟು ಮತ್ತೆ ಕೇಳಲಾ?
"ಕೇಳು. ಕೇಳೋದು ನಿನ್ನ ಕೆಲಸ."

ಫೈಲಿನಲ್ಲಿ ಬರೆದೆ: ರೋಗಿ ಒಪ್ಪಲಿಲ್ಲ.
ಅವಳ ಮಾತಿಗೆ ನಾನೂ ಒಪ್ಪಿರಲಿಲ್ಲ.
ಅದನ್ನು ಬರೆಯಲು ಜಾಗವಿರಲಿಲ್ಲ,
ಇರಲೂಬಾರದು.

ಬಸ್ ಸ್ಟಾಪಿನಲ್ಲಿ ಉಪ್ಪುಗಾಳಿ.
ನನ್ನ ಕೋಟಿಗೆ ಒಂದು ಗುಂಡಿ ಇಲ್ಲದ್ದು
ಆ ಒಂದೇ ಕಣ್ಣಿಗೆ ಬಿದ್ದಿತ್ತು.
ಡಬ್ಬಿ ಕೆದಕಿ, ಹಳದಿಯದೊಂದು ಎತ್ತಿ ಹಿಡಿದಳು.
ನನ್ನ ಕೋಟು ಬೂದು.
"ಬೇಕಾ, ಬೇಡ್ವಾ?"

ಬಸ್ಸು ಬಂತು, ಹೋಯಿತು.
ಗುಂಡಿ ಹಿಡಿದ ಕೈ ಚಾಚಿಕೊಂಡೇ
ಅವಳು ಕಾಯುತ್ತಿದ್ದಳು.