ಲಾಭ

ಮೆದುಳು ಅಕ್ರೋಟದ ಹಾಗೆ, ಅನ್ನುತ್ತದೆ ಪುಸ್ತಕ.
ದುಧನಿಯ ಒಂಬತ್ತನೇ ಇಯತ್ತೆಯಲ್ಲಿ
ಅಕ್ರೋಟ ಕಂಡವರು ಕೈ ಎತ್ತಿ ಅಂದೆ.
ಫ್ಯಾನು ಮಾತ್ರ ತಿರುಗಿತು.

ಅದಕ್ಕೇ ಮರುದಿನ, ಬೆಳಗಿನ ರೈಲು ಹೋದ ಮೇಲೆ,
ದಸ್ತಗೀರ ಮುಲಾಣಿಯ ಅಂಗಡಿ ಮುಂದೆ ನಿಂತೆ.
ಒಡೆಯದ ಹಾಗೆ ಬೇಕು ಅಂದೆ.
'ತಿನ್ನಾಕೋ ಬಾಯಾರ, ಓದಾಕೋ?'
ಓದಲಿಕ್ಕೆ.
ಅವನು ಕತ್ತಿ ಬದಲಿಸಿದ.
ಆಡಿನ ಬುರುಡೆಯ ಹೊಲಿಗೆಯನ್ನು ಹೆಬ್ಬೆರಳಲ್ಲಿ ಹುಡುಕಿ
ಎರಡೇ ಏಟು. ಮೂರನೆಯದು ಬರೀ ತೆರೆಯಲಿಕ್ಕೆ.
ಈರುಳ್ಳಿಯ ಒಳಸಿಪ್ಪೆಯಂಥ ಪೊರೆಯನ್ನು ಸುಲಿಯುತ್ತ ಅಂದ:
'ಮೂರು ಅರಿವಿ ಹೊಚ್ಚಿರ್ತದ ಇದಕ.
ನನ್ನ ಮಕ್ಕಳಿಗೆ ಅಷ್ಟು ಹೊಚ್ಚಾಕ ಆಗಿಲ್ಲ.'

ಸ್ಟೀಲಿನ ತಾಟು ಮೇಜಿಗಿಟ್ಟಾಗ
ಮುಂದಿನ ಬೆಂಚು ಒಂದು ಗೇಣು ಹಿಂದೆ ಸರಿಯಿತು.
ಹಿರೇಮಠರ ಹುಡುಗ ಕಿಟಕಿಗೆ ಮುಖ ಕೊಟ್ಟ.
'ಗಿಣ್ಣ ಇದ್ದಂಗ ಐತ್ರಿ.'
'ಅಲ್ಲಲೇ, ಗಡಿಗ್ಯಾಗ ತುರುಕಿದ ಚಾದರ.'
ಇಬ್ಬರೂ ಸರಿ, ಅಂದೆ. ನಮ್ಮದನ್ನು
ಮಡಿಕೆ ಬಿಚ್ಚಿ ಹಾಸಿದರೆ ಪೇಪರಿನ ಒಂದು ಪುಟದಷ್ಟು;
ಅಷ್ಟನ್ನೂ ಈ ತಂಬಿಗೆಯಂಥ ತಲೆಯೊಳಗೆ ತುರುಕಬೇಕಲ್ಲ.

ಕಡ್ಡಿ ಹಿಡಿದೆ.
ಇದು ಮುಮ್ಮೆದುಳು. ತುದಿಯಲ್ಲಿ ಈ ಎರಡು ಗೆಡ್ಡೆ, ವಾಸನೆಗೆ;
ಆಡಿಗೆ ದೊಡ್ಡವು, ಅದು ಮೂಸಿಯೇ ಊರು ತಿಳಿಯುತ್ತದೆ.
ಹಿಂದೆ, ಕೆಳಗೆ, ಹೂಕೋಸಿನ ಚೂರು: ಅನುಮಸ್ತಿಷ್ಕ.
ನಿಮ್ಮವ್ವ ನಿಮ್ಮನ್ನು ಬೈಯುತ್ತ, ನೋಡದೇ,
ರೊಟ್ಟಿ ತಟ್ಟುತ್ತ ತಿರುಗಿಸುತ್ತಾಳಲ್ಲ, ಆ ಕೈ ಇಲ್ಲಿ.
ಕೊನೆಗೆ ಈ ಕಾಂಡ. ಉಸಿರು, ಎದೆಬಡಿತ.
ಇದಕ್ಕೆ ರವಿವಾರ ಇಲ್ಲ.

ಬಲಗೈಗೆ ಹುಕುಂ ಎಡಗಡೆಯಿಂದ,
ದಾರಿ ಕಾಂಡದ ಬುಡದಲ್ಲಿ ಅಡ್ಡ ದಾಟುತ್ತದೆ ಅಂದಾಗ
ಭಾಗಣ್ಣ ಕೂತಲ್ಲಿಂದಲೇ:
'ನಮ್ಮೂರಾಗೂ ಹಂಗರೀ.
ಕಾಗದ ಮುಂಬಯಿದು, ಬೈಗಳ ಕಲಬುರ್ಗಿದು.'
ನಾನೂ ನಕ್ಕೆ.

ನಗು ಮುಗಿಯುವ ಮೊದಲೇ ಭೌರವ್ವ ಎದ್ದಳು.
'ಮಾತು ಎಲ್ಲಿರ್ತದ್ರಿ?'

ಕಡ್ಡಿ ತಾಟಿನ ಮೇಲೆ ಸ್ವಲ್ಪ ಹೊತ್ತು ಅಲೆಯಿತು.
ಇದರಲ್ಲಿ ತೋರಿಸಲಿಕ್ಕೆ ಬರುವುದಿಲ್ಲ, ಅಂದೆ.
ನನ್ನದೇ ಎಡ ಕಣತಲೆ ಮುಟ್ಟಿದೆ: ಹೆಚ್ಚಿನವರಿಗೆ, ಇಲ್ಲಿ.
ಇಡೀ ವರ್ಗ ತನ್ನ ತನ್ನ ಕಣತಲೆ ಒತ್ತಿ ನೋಡಿಕೊಂಡಿತು,
ಹಣ್ಣು ಮಾಗಿದೆಯೋ ಅಂತ ನೋಡಿದ ಹಾಗೆ.

ಅವಳಪ್ಪ ಗುರಸಿದ್ದಪ್ಪ ಅಡತಿಯಲ್ಲಿ ತೊಗರಿ ಅಳೆಯುತ್ತಿದ್ದವನು.
ದಸರೆ ಮುಗಿದ ವಾರ ಬಲಭಾಗ
ತುಂಬಿ ಹೊಲಿದ ಚೀಲದ ಹಾಗೆ ಬಿತ್ತು. ಮಾತೂ ಹೋಯಿತು.
'ಖರೆ ಅವ್ವ ಜ್ವಾಳ ಅಳಿಯೋ ಸಪ್ಪಳ ಕೇಳಿದ್ರ
ಹಾಸಿಗ್ಯಾಗಿಂದ ಸುರು ಮಾಡ್ತಾನ್ರಿ:
ಲಾಭ, ಎರಡು, ಮೂರು, ನಾಕು...
ಇಪ್ಪತ್ತರ ತನಕಾ ತಪ್ಪೂದಿಲ್ಲ.
ನೀರು ಬೇಕಂದ್ರ ಬಾಯಿ ಬರೂದಿಲ್ಲ.
ಮಾತು ಹೋಗಿ ಲೆಕ್ಕ ಹ್ಯಾಂಗ ಉಳೀತ್ರಿ?'

ಹೊಸದಾಗಿ ಕಟ್ಟುವ ಮಾತು ಒಂದು ಕಡೆ,
ಸಾವಿರ ಸಲ ನಡೆದು ಸವೆದ ಮಾತು
ಇನ್ನೂ ಒಳಗೆ, ಇಲ್ಲಾ ಬಲಗಡೆ, ಬಂಡಿಜಾಡಿನ ಹಾಗೆ
ಉಳಿದಿರಬಹುದು ಅನ್ನುತ್ತಾರೆ, ಅಂದೆ.
'ಅನ್ನುತ್ತಾರೆ' ಅನ್ನುವಾಗ ನನ್ನ ದನಿ ಇಳಿದದ್ದು
ನನಗೇ ಕೇಳಿಸಿತು.

'ನನ್ನ ಕರಿಯೂದೂ ಲಾಭ ಅಂತನ ರೀ.'
ಕೂತಳು. ಮತ್ತೆ ಅರ್ಧ ಎದ್ದಳು:
'ಮೂವರಾಗ ನಾ ಮೊದಲನೇಕಿ.'

ಗಂಟೆ ಹೊಡೆಯಿತು. ನೊಣ ಬಂದವು.
ದಸ್ತಗೀರ ತಾಟು ಎಣಿಸಿ ತೆಗೆದುಕೊಂಡ, ದುಡ್ಡು ಬೇಡವೆಂದ.
'ಸಿಕ್ತೇನ್ರಿ ಹುಡುಕಿದ್ದು?'

ಶನಿವಾರ ಪರೀಕ್ಷೆ.
ಚಿತ್ರ ಬರೆದು ಭಾಗಗಳನ್ನು ಗುರುತಿಸಿ: ಆರು ಅಂಕ.
ಭೌರವ್ವನ ಗೆರೆಗಳು ನೆಟ್ಟಗಿದ್ದವು.
ಹೆಸರಿನ ಜಾಗದಲ್ಲಿ ಬರೀ ಅಂಕಿ, ಕೆಳಗಿನಿಂದ ಮೇಲಕ್ಕೆ:
ಅನುಮಸ್ತಿಷ್ಕ ಎರಡು, ನಡುಮೆದುಳು ಮೂರು,
ಮುಮ್ಮೆದುಳಿಗೆ ನಾಲ್ಕು.
ಕಾಂಡದ ಬುಡಕ್ಕೆ, ಉಸಿರಿರುವ ಕಡೆ,
ದುಂಡಗೆ ಬರೆದಿದ್ದಳು: ಲಾಭ.

ಪುಸ್ತಕದ ಪ್ರಕಾರ ಸೊನ್ನೆ.
ಕೆಂಪು ಪೆನ್ನು ಬೆರಳಲ್ಲಿ ಹಿಡಿದು
ಎಡ ಕಣತಲೆ ಉಜ್ಜುತ್ತ ಕೂತಿದ್ದೇನೆ.