ಷರಾ

ನಾಸ್ತಿಕತೆ ನನಗೆ ಪಿತ್ರಾರ್ಜಿತ.
ಅಪ್ಪ ನನ್ನ ಜಾತಕವನ್ನು ಒಲೆಗೆ ತುರುಕಿ
ಅದೇ ಉರಿಯಲ್ಲಿ ಹಾಲು ಕಾಯಿಸಿ ಕುಡಿಸಿದವರು.
ಕೆರಿಯಪ್ಪನಿಗೆ ಅವನ ಚೌಡಿ, ಅವನ ಹನುಮ
ಅಜ್ಜನ ಕಡೆಯಿಂದ.
ಇಬ್ಬರದ್ದೂ ಸ್ವಂತ ಸಂಪಾದನೆಯಲ್ಲ.
ಆದರೂ ಗಡಿಕಲ್ಲಿಗೆ ಜಗಳ,
ಹನ್ನೊಂದು ಬೇಸಗೆ.

ಮಂಗ ಬಿದ್ದಿದೆ ಎಂದು ಫೋನು ಬಂದರೆ
ಜೀಪು ಹೊರಡುತ್ತಿತ್ತು. ಸಾಗರ ದಾಟಿ,
ಹಿನ್ನೀರಿನ ದಡದಲ್ಲಿ ಲಾಂಚಿಗೆ ಕಾದು,
ಆಚೆ ದಡದ ಒಣ ಕಾಡಿಗೆ.
ಗಂಬೂಟು, ಎರಡೆರಡು ಗ್ಲೌಸು,
ಉಣುಗು ಹತ್ತದ ಹಾಗೆ ಮೈಗೆ ಎಣ್ಣೆ.
ಡಾಕ್ಟರು ಕೊಯ್ದುಕೊಟ್ಟದ್ದನ್ನು ಸೀಸೆಗೆ ಹಾಕಿ
ಚೀಟಿ ಅಂಟಿಸುವುದು ನನ್ನ ಕೆಲಸ.
ಸುತ್ತ ಪುಡಿ ಎರಚಿ, ಕಟ್ಟಿಗೆ ಒಟ್ಟಿ
ಸುಡುವುದು ಕೆರಿಯಪ್ಪನದು.

ಸುಡುವ ಮೊದಲು ಅವನು ಗಂಬೂಟು ಕಳಚುತ್ತಿದ್ದ.
ಹೆಗಲ ಮೇಲಿನ ಟವೆಲ್ಲಿನ ಅಂಚು ಹರಿದು
ಅದರ ಮುಖ ಮುಚ್ಚುತ್ತಿದ್ದ.
ಬರಿಗಾಲಲ್ಲಿ ನಿಂತು ಏನೋ ಗೊಣಗುತ್ತಿದ್ದ.
'ಉಣುಗು ಹತ್ತುತ್ತೆ ಕಣೋ, ಬೂಟು ಹಾಕು!'
'ಹನುಮಪ್ಪನ ಮುಂದೆ ಚಪ್ಪಲಿಯಾ ಮೇಡಂ?'
'ನಿನ್ನ ಹನುಮಪ್ಪ ಯಾಕೆ ಸತ್ತ ಹಾಗಾದರೆ?'
'ನಿಮ್ಮ ವೈರಸ್ಸಿಗೆ ಈ ಊರಿನ ದಾರಿ ತೋರಿಸಿದ್ದು ಯಾರು ಹಾಗಾದರೆ?'
ಡ್ರೈವರ್ ಅಲ್ತಾಫ್ ಇಬ್ಬರಿಗೂ ತಲೆಯಾಡಿಸಿ
ಬೀಡಿ ಹಚ್ಚುತ್ತಿದ್ದ.

ಲಸಿಕೆ ಹಾಕಿಸಿಕೊಂಡ. ತಾಯಿತವನ್ನೂ ಕಟ್ಟಿಕೊಂಡ.
'ಈಗ ಯಾವುದು ಕಾಯಿತು, ಹೇಳು' ಎಂದೆ.
'ಎರಡು ಬೀಗ ಹಾಕಿದ ಮನೆಗೆ ಕಳ್ಳ ಬರಲಿಲ್ಲ ಅಂದ್ರೆ
ಯಾವ ಬೀಗಕ್ಕೆ ಸಂಬಳ ಕೊಡ್ತೀರಿ ಮೇಡಂ?'
ಅವತ್ತು ಲಾಂಚು ದಡ ಮುಟ್ಟುವವರೆಗೂ
ನನಗೆ ಉತ್ತರ ಹೊಳೆಯಲಿಲ್ಲ.
ಮಾರನೇ ದಿನ ಹೊಳೆಯಿತು. ಹೇಳಿದೆ.
ಅವನು ಅಷ್ಟರಲ್ಲಿ ಪ್ರಶ್ನೆಯನ್ನೇ ಮರೆತಿದ್ದ.

ಆ ವರ್ಷ ಮಾರ್ಚಿಯಲ್ಲಿ
ಅವನ ತಂಗಿಯ ಮಗಳು, ದರಗು ಗುಡಿಸಲು ಹೋದವಳು,
ಹನ್ನೆರಡು ದಿನ ಜ್ವರ ಬಂದು ಹೋದಳು.
ರಕ್ತದ ಸೀಸೆಗೆ ಚೀಟಿ ಅಂಟಿಸಿದ್ದು ನಾನೇ.
ವಿನುತ, ಹದಿನಾರು, ಹೆಣ್ಣು.

ವಾರ ಕಳೆದು ಇನ್ನೊಂದು ಮಂಗ.
ಕಟ್ಟಿಗೆ ಒಟ್ಟಿದ. ಸೀಮೆಎಣ್ಣೆ ಸುರಿದ.
ಗಂಬೂಟು ಕಾಲಲ್ಲೇ ಇತ್ತು.
ಟವೆಲ್ಲು ಹೆಗಲ ಮೇಲೇ ಇತ್ತು.
ಕಡ್ಡಿಪೆಟ್ಟಿಗೆ ತೆಗೆದ.

'ಕೆರಿಯಪ್ಪಾ,' ಎಂದೆ.
'ನೀವು ಹೇಳ್ತಿದ್ದದ್ದೇ ಸರಿ ಇರಬಹುದು ಮೇಡಂ,' ಎಂದ
ನನ್ನನ್ನು ನೋಡದೆ. 'ಸತ್ತ ಪ್ರಾಣಿ. ಅಷ್ಟೇ.'

ಹನ್ನೊಂದು ವರ್ಷ ಕಾದು ಕುಳಿತ ಮಾತು.
ಬಂತು. ನನ್ನ ಒಂದು ವಾದವೂ ಅದರಲ್ಲಿರಲಿಲ್ಲ.
ಒಂದು ಹುಡುಗಿ ಇದ್ದಳು, ಅಷ್ಟೇ.
ಇಂಥ ಗೆಲುವನ್ನು ಎಲ್ಲಿ ಇಡಬೇಕು?
ಅಪ್ಪ ಇದನ್ನು ಹೇಳಿಕೊಟ್ಟಿರಲಿಲ್ಲ.

ಅದರ ಕಣ್ಣು ಅರೆ ತೆರೆದಿತ್ತು.
ನಾನು ಹೋಗಿ ಅವನ ಹೆಗಲ ಟವೆಲ್ಲು ಎಳೆದುಕೊಂಡೆ.
ಗ್ಲೌಸಿನ ಕೈಗೆ ಬಟ್ಟೆ ಹರಿಯಲು ಬರಲಿಲ್ಲ,
ಇಡೀ ಟವೆಲ್ಲನ್ನೇ ಮುಖದ ಮೇಲೆ ಹೊದಿಸಿದೆ.
ಬೂಟು ಮಾತ್ರ ಕಳಚಲಿಲ್ಲ.

'ಯಾಕೆ ಮೇಡಂ?'
'ಗೊತ್ತಿಲ್ಲ.'
ಅವನ ಮುಂದೆ ನಾನು ಹಾಗೆಂದದ್ದು ಅದೇ ಮೊದಲು.
ಅಲ್ತಾಫ್ ಬೀಡಿ ಆರಿಸಿದ.

ನಾನು ಬದಲಾದೆನೇ? ಇಲ್ಲ.
ಮನೆಗೆ ಬಂದು ದೇವರಿಗೆ ದೀಪ ಹಚ್ಚಲಿಲ್ಲ, ಹಚ್ಚುವುದೂ ಇಲ್ಲ.
ರಾತ್ರಿ ನಮೂನೆ ತುಂಬಿಸುವಾಗ
ಸ್ಥಳ, ದಿನಾಂಕ, ವಿಲೇವಾರಿ ಕ್ರಮ ಎಲ್ಲ ಬರೆದು
ಹನ್ನೊಂದು ವರ್ಷ ಖಾಲಿ ಬಿಟ್ಟ ಷರಾ ಕಲಮಿನಲ್ಲಿ
'ಮುಖ ಮುಚ್ಚಲಾಗಿತ್ತು' ಎಂದು ಬರೆದೆ.
ಮೇಲಿನವರು ಕೇಳಲಿಲ್ಲ.

ಏಪ್ರಿಲ್ ಕೊನೆಗೆ ಮತ್ತೊಂದು.
ನಾನು ಸೀಸೆಯ ಮುಚ್ಚಳ ತಿರುಗಿಸುತ್ತಿದ್ದೆ,
ಹಿಂದಿನಿಂದ ಸದ್ದು: ಒಂದು ಗಂಬೂಟು ನೆಲಕ್ಕೆ,
ಸ್ವಲ್ಪ ತಡೆದು, ಇನ್ನೊಂದು.
ತಿರುಗಿ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡು
'ಉಣುಗು ಹತ್ತುತ್ತೆ ಕಣೋ' ಎಂದೆ,
ಆದಷ್ಟು ಸಿಟ್ಟಿನಿಂದ.

'ಶುರು ಮಾಡಿದ್ರಾ,' ಎಂದ ಕೆರಿಯಪ್ಪ.